ಮಾಚು ಪಿಚುವಿಗೆ ಯಾವ ತಿಂಗಳು ಹೊರಡಬೇಕು?

ಪ್ರಶ್ನೆ: ಪೆರು ದೇಶದ ಬೆಟ್ಟದ ಮೇಲಿನ ಪುರಾತನ ನೆಲೆ ಮಾಚು ಪಿಚುವನ್ನು ನೋಡಬೇಕೆಂಬುದು ನಮ್ಮ ಮನೆಯವರೆಲ್ಲರ ಬಹುಕಾಲದ ಆಸೆ. ಇಬ್ಬರು ಮಕ್ಕಳ ಜೊತೆಗೆ ಎಪ್ಪತ್ತರ ಹತ್ತಿರವಿರುವ ನಮ್ಮ ತಾಯಿಯೂ ಬರುತ್ತಾರೆ. ಜೂನ್, ಜುಲೈ ತಿಂಗಳುಗಳೇ ಉತ್ತಮವೆಂದು ಪ್ರವಾಸ ಏರ್ಪಡಿಸುವವರು ಹೇಳುತ್ತಾರೆ. ಮಕ್ಕಳಿಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಹೋದರೆ ಮಳೆಗೆ ಸಿಕ್ಕಿಕೊಳ್ಳುತ್ತೇವೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಶಾಲೆ ತಪ್ಪಿಸುವ ಅಗತ್ಯವಿಲ್ಲ. ಮೇ ತಿಂಗಳಲ್ಲಿ ಹೊರಡಿ. ನನ್ನ ದೃಷ್ಟಿಯಲ್ಲಿ ಅದು ಜೂನ್, ಜುಲೈಗಿಂತಲೂ ಒಳ್ಳೆಯ ಕಾಲ.

ಪೆರು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ, ನಮ್ಮಲ್ಲಿ ಮುಂಗಾರು ಆರಂಭವಾಗುವ ಹೊತ್ತಿಗೆ ಅಲ್ಲಿ ಒಣ ಹವೆ ನೆಲೆಸಿರುತ್ತದೆ. ಅಮೆಜಾನ್ ಕಾಡಿನ ಕಡೆಯಿಂದ ಬರುವ ತೇವದ ಗಾಳಿ ಆಂಡಿಸ್ ಪರ್ವತದ ಪೂರ್ವದ ಇಳಿಜಾರನ್ನು ಏರುವಾಗ, ಆಗುಂಬೆಯ ಘಾಟಿಯಲ್ಲಿ ಆಗುವಂತೆಯೇ, ತಂಪಾಗಿ ಮಳೆ ಸುರಿಸುತ್ತದೆ. ಈ ಮಳೆ ನವೆಂಬರಿನಿಂದ ಮಾರ್ಚ್‌ವರೆಗೆ ಹೆಚ್ಚು. ಜನವರಿ, ಫೆಬ್ರವರಿಯಲ್ಲಿ ಅತಿ ಜೋರು. ಏಪ್ರಿಲ್‌ನಲ್ಲಿ ಇಳಿಮುಖವಾಗಿ, ಮೇ ಹೊತ್ತಿಗೆ ಬಹುಮಟ್ಟಿಗೆ ನಿಂತಿರುತ್ತದೆ. ಆದ್ದರಿಂದ ಏಪ್ರಿಲ್ ಮಧ್ಯದಲ್ಲಿ ರಜೆ ಸಿಕ್ಕ ಕೂಡಲೇ ಹೊರಡದೆ ಎರಡು ಮೂರು ವಾರ ತಡೆದು ಹೋಗುವುದು ಮೇಲು.

ಹವಾಮಾನಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಹದಿನೈದನೆಯ ಶತಮಾನದಲ್ಲಿ, ಆಂಡಿಸ್ ಸೀಮೆಯನ್ನು ಆಳಿದ ಇಂಕಾ ಜನರ ದೊರೆ ಪಚಕುಟಿಯ ಕಾಲದಲ್ಲಿ, ಸುಮಾರು 2430 ಮೀಟರ್ ಎತ್ತರದ ಕಡಿದಾದ ಬೆಟ್ಟದ ಏಣಿನ ಮೇಲೆ ಈ ನೆಲೆಯನ್ನು ಕಟ್ಟಿದವರು ಎದುರಿಸಬೇಕಾಗಿದ್ದ ದೊಡ್ಡ ಸವಾಲು ನೀರಿನದು. ವರ್ಷಕ್ಕೆ ಸುಮಾರು 2000 ಮಿ.ಮೀ. ಮಳೆ ಬೀಳುವ ಗುಡ್ಡ ಜಾರದಂತೆ ತಡೆಯಲು ಅವರು ಮೆಟ್ಟಿಲುಮೆಟ್ಟಿಲಾಗಿ ತಟ್ಟುಗಳನ್ನು ಕಟ್ಟಿ, ಪ್ರತಿ ತಟ್ಟಿನ ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ ಮತ್ತು ಮರಳು, ಎಲ್ಲಕ್ಕಿಂತ ಮೇಲೆ ಫಲವತ್ತಾದ ಮಣ್ಣು ತುಂಬಿ, ಬಿದ್ದ ನೀರು ನಿಲ್ಲದೆ ಇಂಗಿ ಹರಿದುಹೋಗುವಂತೆ ಮಾಡಿದರು. ಕುಡಿಯುವ ನೀರಿಗಾಗಿ ಬೆಟ್ಟದ ಒರತೆಯೊಂದರಿಂದ ಕಲ್ಲಿನ ಕಾಲುವೆ ತಂದು, ಒಂದರ ಕೆಳಗೊಂದರಂತೆ ಹದಿನಾರು ದೋಣಿಗಳಿಗೆ, ಅಂದರೆ ನೀರು ಧಾರೆಯಾಗಿ ಬೀಳುವ ಕಲ್ಲಿನ ತೊಟ್ಟಿಗಳಿಗೆ, ಹರಿಸಿದರು. ಮೊದಲನೆಯ ದೋಣಿ ಅರಮನೆಯ ಪಕ್ಕದಲ್ಲೇ ಇದೆ. ಯಾರೂ ಮುಟ್ಟದ ನೀರು ಮೊದಲು ದೊರೆಗೆ ಸಲ್ಲುತ್ತಿತ್ತು. ಒಂದು ದೋಣಿಯ ಬಳಿ ನಿಂತು ಗಮನಿಸಿ: ಕಲ್ಲಿನಲ್ಲಿ ಕೊರೆದ ಕಿರಿದಾದ ತೋಡಿನಿಂದ ನೀರು ಗೋಡೆಗೆ ತಾಗದೆ, ಕೊಡದ ಬಾಯಿಗೆ ಸರಿಯಾಗಿ ಬೀಳುವಷ್ಟು ಸಣ್ಣ ಧಾರೆಯಾಗಿ ಚೌಕದ ತೊಟ್ಟಿಗೆ ಬಿದ್ದು, ತಳದ ಕಿಂಡಿಯಿಂದ ಕೆಳಗಿನ ದೋಣಿಗೆ ಸಾಗುತ್ತದೆ. ಒಣಗಾಲ ಮುಂದುವರಿದಂತೆ ಆ ಒರತೆ ಇಳಿಯುತ್ತದೆ, ತಟ್ಟುಗಳ ಹುಲ್ಲು ಕಂದುತ್ತದೆ. ಮೇ ತಿಂಗಳಲ್ಲಾದರೋ ಆಕಾಶ ತಿಳಿಯಾಗಿದ್ದು, ತಟ್ಟುಗಳು ಇನ್ನೂ ಹಸಿರಾಗಿರುತ್ತವೆ. ಕಟ್ಟಿದವರ ಜಾಣ್ಮೆಯನ್ನು ಅರಿಯಬೇಕೆನ್ನುವವರಿಗೆ ಇಂತಹ ಹೊತ್ತು ಮತ್ತೆ ಸಿಗಲಾರದು.

ಜೂನ್‌ನಿಂದ ಆಗಸ್ಟ್‌ವರೆಗೆ ಯುರೋಪ್, ಅಮೆರಿಕಗಳ ರಜೆಯ ಜನಸಂದಣಿ. ಜೂನ್ 24ರಂದು ಕುಸ್ಕೊ ನಗರದಲ್ಲಿ ನಡೆಯುವ ಇಂತಿ ರಾಯ್ಮಿ ಎಂಬ ಸೂರ್ಯೋತ್ಸವದ ಆಸುಪಾಸಿನಲ್ಲಂತೂ ಕೊಠಡಿ ಸಿಗುವುದೇ ಕಷ್ಟ. ಜೂನ್ ತಿಂಗಳಿಗೆ ಒಂದು ವಿಶೇಷವಿದೆ ಎಂಬುದನ್ನು ಒಪ್ಪುತ್ತೇನೆ: ಆಗಿನ ಅಯನ ಸಂಕ್ರಾಂತಿಯ, ಅಂದರೆ ಅಲ್ಲಿನ ಅತಿ ಚಿಕ್ಕ ಹಗಲಿನ, ಬೆಳಗ್ಗೆ ಸೂರ್ಯ ದೇಗುಲದ ಕಿಟಕಿಯಿಂದ ಬರುವ ಬಿಸಿಲು, ಒಳಗಿನ ಬಂಡೆಯಲ್ಲಿ ಕಡೆದ ನೇರ ಅಂಚಿಗೆ ಸರಿಸಮನಾಗಿ ಬೀಳುತ್ತದೆ. ಆದರೆ ಅದೊಂದಕ್ಕಾಗಿ ಮಕ್ಕಳ ಶಾಲೆ ತಪ್ಪಿಸಬೇಕಾಗಿಲ್ಲ.

ತಾಯಿಯವರ ವಿಷಯದಲ್ಲಿ ಕಾಲಕ್ಕಿಂತ ಎತ್ತರದ ಚಿಂತೆ ಹೆಚ್ಚಿರಲಿ. ವಿಮಾನ ಇಳಿಯುವ ಕುಸ್ಕೊ ಸುಮಾರು 3400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್ ಮಾತ್ರ. ಇಳಿದ ದಿನವೇ ಅಲ್ಲಿ ತಂಗದೆ, ಅದಕ್ಕಿಂತ ತಗ್ಗಿನಲ್ಲಿರುವ ಉರುಬಂಬಾ ಕಣಿವೆಗೆ ಹೋಗಿ ಒಂದೆರಡು ದಿನ ವಿಶ್ರಾಂತಿ ಪಡೆದು, ಅಲ್ಲಿಂದ ರೈಲು ಹಿಡಿಯಿರಿ. ಹೊರಡುವ ಮುನ್ನ ಅವರನ್ನು ವೈದ್ಯರಿಗೆ ತೋರಿಸಿರಿ. ಪ್ರವೇಶ ಚೀಟಿಗಳು ದಿನಕ್ಕೆ ಇಂತಿಷ್ಟೇ ಎಂದು ಮಿತಿಯಲ್ಲಿದ್ದು, ಗಂಟೆ ಮತ್ತು ದಾರಿ ಎರಡೂ ಮೊದಲೇ ನಿಗದಿಯಾಗುವುದರಿಂದ ತಿಂಗಳುಗಳ ಮುಂಚೆಯೇ ಕೊಳ್ಳಬೇಕು. ಒಣಗಾಲದಲ್ಲೂ ಮುಂಜಾನೆ ಮಂಜು ಕವಿಯುತ್ತದೆ. ಆರು ಗಂಟೆಯ ಚೀಟಿಗಿಂತ ಎಂಟು, ಒಂಬತ್ತರದ್ದನ್ನು ಆರಿಸಿಕೊಂಡರೆ ತಾಯಿಯವರಿಗೂ ಅನುಕೂಲ.

ಪ್ರಶ್ನೆ: ನನಗೆ ಬಿಡುವಿರುವುದು ಫೆಬ್ರವರಿಯಲ್ಲಿ ಮಾತ್ರ. ಅಮೆರಿಕದಲ್ಲಿರುವ ಮಗನ ಜೊತೆ ಹಳೆಯ ಇಂಕಾ ದಾರಿಯಲ್ಲಿ ನಡೆದೇ ಮಾಚು ಪಿಚು ತಲುಪಬಹುದೇ?
– ಓದುಗರು, ಮೈಸೂರು

ಉತ್ತರ: ಸಾಧ್ಯವಿಲ್ಲ. ದುರಸ್ತಿಗಾಗಿ ಆ ದಾರಿಯನ್ನು ಪ್ರತಿ ವರ್ಷ ಫೆಬ್ರವರಿ ಪೂರ್ತಿ ಮುಚ್ಚುತ್ತಾರೆ. ಮಾಚು ಪಿಚು ಮಾತ್ರ ತೆರೆದೇ ಇರುತ್ತದೆ. ರೈಲಿನಲ್ಲಿ ಹೋಗಿ ನೋಡಬಹುದು, ಜನವೂ ಕಡಿಮೆ. ಆದರೆ ತಪ್ಪಲಿನ ಊರಿಗೆ ನೇರವಾದ ವಾಹನ ರಸ್ತೆಯಿಲ್ಲ; ನದಿಯ ಅಂಚಿನ ರೈಲು ಹಳಿಯೇ ಆಧಾರ. 2010ರ ಜನವರಿಯಲ್ಲಿ ಪ್ರವಾಹಕ್ಕೆ ಆ ಹಳಿ ಕೊಚ್ಚಿಹೋಗಿ, ಸಿಕ್ಕಿಬಿದ್ದ ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರ್‌ಗಳಲ್ಲಿ ಹೊರತರಬೇಕಾಯಿತು. ತಾಣ ಮತ್ತೆ ತೆರೆದದ್ದು ಏಪ್ರಿಲ್‌ನಲ್ಲಿ. ನೆನೆದ ಕಲ್ಲು ಮೆಟ್ಟಿಲುಗಳು ಬಹಳ ಜಾರುತ್ತವೆ. ಬಿಡುವನ್ನು ಮುಂದೂಡಲು ಆಗದೇ ಇದ್ದರೆ, ಬೆಟ್ಟದಿಂದ ಇಳಿದ ದಿನಕ್ಕೂ ಊರಿಗೆ ಮರಳುವ ವಿಮಾನಕ್ಕೂ ನಡುವೆ ಕನಿಷ್ಠ ಎರಡು ದಿನಗಳ ಅಂತರವಿಟ್ಟು ಟಿಕೆಟ್ ಕಾಯ್ದಿರಿಸಿ.