ಕರಟದ ಇದ್ದಿಲು: ಟೆಸ್ಟ್ ಪಾಸಾದರೂ ಅಪಾಯಕಾರಿ ಸರಕು ಯಾಕೆ?

ನೀವು ಕೇಳಿದ್ದು: ತೆಂಗಿನ ಕರಟದ ಇದ್ದಿಲು ಲ್ಯಾಬ್ ಟೆಸ್ಟ್ ಪಾಸಾಗಿದೆ, ಆದರೂ ಶಿಪ್ಪಿಂಗ್ ಲೈನ್‌ನವರು ಮಾಮೂಲಿ ಸರಕು ಅಂತ ತಗೊಳ್ಳುತ್ತಿಲ್ಲ, ಯಾಕೆ?

ಟೆಸ್ಟ್ ಪಾಸಾದರೆ ಮಾಮೂಲಿ ಸರಕು ಎಂಬ ವಿನಾಯಿತಿ ಈಗಿಲ್ಲ. 2026ರ ಜನವರಿ 1ರಿಂದ ಐಎಂಡಿಜಿ ಕೋಡ್ (ಹಡಗಿನಲ್ಲಿ ಅಪಾಯಕಾರಿ ಸರಕು ಸಾಗಿಸುವ ಅಂತರರಾಷ್ಟ್ರೀಯ ನಿಯಮಾವಳಿ) ಪ್ರಕಾರ ಇದ್ದಿಲಿನ ಸರಕು ನಂಬರ್ ಯುಎನ್ 1361, ಕ್ಲಾಸ್ 4.2, ಅಂದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತು. ಟೆಸ್ಟ್ ಪಾಸಾದರೂ ಅಷ್ಟೇ. ಆ ಟೆಸ್ಟಿನಲ್ಲಿ ಪ್ರತಿ ಬದಿ 10 ಸೆಂ.ಮೀ. ಇರುವ ಘನದಷ್ಟು ಮಾದರಿಯನ್ನು 140 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. ಟನ್‌ಗಟ್ಟಲೆ ಮಾಲಿನ ಬಗ್ಗೆ ಅದು ಏನು ತಾನೇ ಹೇಳೀತು? ಹೊಸ ಇದ್ದಿಲು ಗಾಳಿಯ ಆಮ್ಲಜನಕ ಹೀರಿಕೊಂಡು ಬಿಸಿಯಾಗುತ್ತದೆ. ಒತ್ತಾಗಿ ಪೇರಿಸಿದ ಚೀಲಗಳ ನಡುವಿನಿಂದ ಆ ಬಿಸಿ ಹೊರಬರಲು ದಾರಿಯಿಲ್ಲ, ಬಿಸಿ ಏರಿದಷ್ಟೂ ಕ್ರಿಯೆ ಚುರುಕಾಗುತ್ತದೆ. ಹಡಗು ನಡುಗಡಲಲ್ಲಿರುವಾಗ ಹೊತ್ತಿಕೊಳ್ಳುವುದು ಹೀಗೆ.

ಸುಟ್ಟ ಮೇಲೆ ಸೂರಿನಡಿ, ಗಾಳಿಯಾಡುವಂತೆ ಕನಿಷ್ಠ 14 ದಿನ ಬಿಡಿ. ಕಂಟೇನರ್ ತುಂಬಲಿಲ್ಲ ಅಂತ ನಿನ್ನೆ ಸುಟ್ಟ ಮಾಲನ್ನು ನಾಲ್ಕು ಚೀಲ ಸೇರಿಸಿದರೆ ಲೆಕ್ಕ ಮತ್ತೆ ಮೊದಲಿಂದ. ಪ್ಯಾಕ್ ಮಾಡುವ ದಿನ ಮಾಲು 40 ಡಿಗ್ರಿ ದಾಟಿರಬಾರದು. ಮೇಲ್ಮೈಗೆ ಥರ್ಮಾಮೀಟರ್ ಗನ್ ಹಿಡಿದು ಅಳೆದರೆ ಸಾಲದು, ಕಡ್ಡಿಯಂಥ ಥರ್ಮಾಮೀಟರನ್ನು ರಾಶಿಯ ನಡುವಿಗೆ ಚುಚ್ಚಿ ನೋಡಿ. ಸುಟ್ಟ ದಿನಾಂಕ, ಪ್ಯಾಕ್ ಮಾಡಿದ ದಿನಾಂಕ, ಅಂದಿನ ಉಷ್ಣಾಂಶ ಮೂರೂ ದಾಖಲೆಯಲ್ಲಿರಬೇಕು.

ಜಾಸ್ತಿ ಎಡವುವುದು ಪೇರಿಸುವುದರಲ್ಲಿ. ಚಾವಣಿಗೂ ಮಾಲಿಗೂ ನಡುವೆ 30 ಸೆಂ.ಮೀ. ಖಾಲಿ ಬೇಕು. ಅದರ ಜೊತೆಗೆ ಒಂದೋ ಎತ್ತರ 1.5 ಮೀಟರ್ ದಾಟಬಾರದು, ಇಲ್ಲವೇ 16 ಘನ ಮೀಟರ್ ಮೀರದ ಬ್ಲಾಕ್‌ಗಳನ್ನು ಮಾಡಿ ನಡುವೆ 15 ಸೆಂ.ಮೀ. ಬಿಡಬೇಕು. 20 ಅಡಿ ಕಂಟೇನರಿನಲ್ಲಿ ಮೊದಲ ವಿಧಾನಕ್ಕೆ ಸುಮಾರು 20 ಘನ ಮೀಟರ್ ಹಿಡಿಯುತ್ತದೆ, ಎರಡು ಬ್ಲಾಕ್ ಮಾಡಿದರೆ 28ರ ಆಸುಪಾಸು. ಬಾಡಿಗೆ ನೋಡಿದರೆ ಬ್ಲಾಕೇ ಲಾಭ. ಆದರೆ ಆ ಸಂದಿಗೆ ಗಟ್ಟಿ ಮರದ ಚೌಕಟ್ಟು ಕೊಡಿ, ಬರೀ ಜಾಗ ಬಿಟ್ಟರೆ ಹಡಗಿನ ಓಲಾಟಕ್ಕೆ ಚೀಲ ಜಾರಿ ಸಂದಿ ಮುಚ್ಚಿಹೋಗುತ್ತದೆ.

ಕಂಟೇನರಿನ ನಾಲ್ಕೂ ಬದಿಗೆ ಮೇಲರ್ಧ ಬಿಳಿ, ಕೆಳಗೆ ಕೆಂಪು ಇರುವ 25 ಸೆಂ.ಮೀ. ಪ್ಲಕಾರ್ಡ್ (ಅಪಾಯ ಸೂಚಿಸುವ ಫಲಕ) ಅಂಟಿಸಿ. ಆಕ್ಟಿವೇಟೆಡ್ ಕಾರ್ಬನ್ ಆದರೆ ಯುಎನ್ ನಂಬರ್ 1362, ಅದರ ನಿಯಮ ಬೇರೆ. ಕೆಲವು ಲೈನ್‌ಗಳು ಇದ್ದಿಲನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಮಾಲು ತುಂಬುವ ಮೊದಲೇ ಬುಕಿಂಗ್ ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಳ್ಳಿ.