ಕೊನೆ ಮೊದಲೇ ಗೊತ್ತಿರೋ ‘ದ ನೆಕ್ಲೇಸ್’ ಕಥೆನ ಹತ್ತನೇ ಕ್ಲಾಸಿಗೆ ಹೇಗೆ ಪಾಠ ಮಾಡೋದು?

ನೀವು ಕೇಳಿರೋದು, ಸಿಬಿಎಸ್‌ಇ ಹತ್ತನೇ ಕ್ಲಾಸ್ ಇಂಗ್ಲಿಷ್‌ನಲ್ಲಿರೋ ಫ್ರೆಂಚ್ ಕಥೆಗಾರ ಮೊಪಾಸಾನ ‘ದ ನೆಕ್ಲೇಸ್’ ಶುರು ಮಾಡೋ ಮುಂಚೆನೇ ಮಕ್ಕಳಿಗೆ ಯೂಟ್ಯೂಬ್ ನೋಡಿ ಸರ ನಕಲಿ ಅಂತ ಗೊತ್ತಾಗಿರುತ್ತೆ, ಇನ್ನು ಕ್ಲಾಸಲ್ಲಿ ಮಾಡೋಕೆ ಏನಿದೆ ಅಂತ. ಕಥೆ ಗೊತ್ತಿಲ್ಲದವರಿಗೆ ಇಷ್ಟು ಸಾಕು, ಮಟಿಲ್ಡಾ ಅನ್ನೋ ಗುಮಾಸ್ತನ ಹೆಂಡತಿ ಪಾರ್ಟಿಗೆ ಅಂತ ಗೆಳತಿ ಫಾರೆಸ್ಟಿಯರ್ ಹತ್ರ ವಜ್ರದ ಸರ ಎರವಲು ತಂದು ಕಳ್ಕೊಳ್ತಾಳೆ, ಗಂಡ ಹೆಂಡತಿ ಅವಳಿಗೆ ಹೇಳದೆ ಸಾಲ ಮಾಡಿ ಅದೇ ಥರದ ಸರ ತಂದುಕೊಡ್ತಾರೆ, ಸಾಲ ತೀರಿದ ಮೇಲೆ ಕಳೆದ ಸರ ನಕಲಿ ಅಂತ ಗೊತ್ತಾಗುತ್ತೆ. ನಾನು ತುಂಬಾ ವರ್ಷದಿಂದ ಈ ಪಾಠ ಮಾಡ್ತಿದೀನಿ, ಮೊದಮೊದಲು ನನಗೂ ಇದೇ ಸಂಕಟ ಇತ್ತು. ಈಗ ಮೊದಲನೇ ದಿನ ನಾನೇ ಬೋರ್ಡ್ ಮೇಲೆ ಬರೆದುಬಿಡ್ತೀನಿ, ಸರ ನಕಲಿ, ಬೆಲೆ ಹೆಚ್ಚಂದ್ರೆ 500 ಫ್ರಾಂಕ್. ಬರೆದು, ಈಗ ಪೊಲೀಸಿನವರ ಥರ ಓದಿ, ಕಥೆಗಾರ ಇದರ ಸುಳಿವನ್ನ ಎಲ್ಲೆಲ್ಲಿ ಇಟ್ಟಿದಾನೆ ಹುಡುಕಿ ಅಂತೀನಿ.

ಪಠ್ಯಪುಸ್ತಕದಲ್ಲಿ ಕಥೆನ ಸ್ವಲ್ಪ ಮೊಟಕು ಮಾಡಿದ್ದಾರೆ, ಹಾಗಾಗಿ ಪೂರ್ತಿ ಕಥೆದು ಒಂದು ಪ್ರಿಂಟ್ ಔಟ್ ಇಟ್ಕೊಳ್ಳಿ. ಫಾರೆಸ್ಟಿಯರ್ ಅಷ್ಟು ದೊಡ್ಡ ಸರ ಕೇಳಿದ ತಕ್ಷಣ ಹಿಂದೆಮುಂದೆ ನೋಡ್ದೆ ಕೊಡ್ತಾಳೆ, ವಾಪಸ್ ಬಂದಾಗ ಡಬ್ಬಿ ತೆಗೆದೂ ನೋಡಲ್ಲ. ಇವೆರಡನ್ನ ಮಕ್ಕಳು ಬೇಗ ಹಿಡೀತಾರೆ. ಆದ್ರೆ ನನಗೆ ತುಂಬಾ ಇಷ್ಟ ಆಗೋದು ಡಬ್ಬಿ ಮೇಲೆ ಹೆಸರಿದ್ದ ಅಂಗಡಿಯವನ ಮಾತು, ಗಂಡ ಹೆಂಡತಿ ಅದೇ ಥರದ ಸರ ಹುಡುಕ್ಕೊಂಡು ಅವನ ಹತ್ರ ಹೋದಾಗ ಅವನು ಲೆಕ್ಕದ ಪುಸ್ತಕ ನೋಡಿ, ಈ ಸರ ನಾನು ಮಾರಿದ್ದಲ್ಲಮ್ಮ, ಡಬ್ಬಿ ಮಾತ್ರ ನಮ್ಮದಿರಬೇಕು ಅಂತಾನೆ. ಅಲ್ಲಿ ಓದೋದನ್ನ ನಿಲ್ಸಿ ಸುಮ್ನೆ ನಿಂತ್ಕೊಳ್ಳಿ, ಯಾರಾದ್ರೂ ಒಬ್ರು ಬೆಂಚಿಂದ ಎದ್ದೇ ಎದ್ದು ಅಯ್ಯೋ ಮಿಸ್ ಅಂತಾರೆ.

ಆಮೇಲೆ ದುಡ್ಡಿನ ಲೆಕ್ಕ. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ, ದಯವಿಟ್ಟು. ಗಂಡ ಬಂದೂಕು ತಗೋಬೇಕು ಅಂತ ಎತ್ತಿಟ್ಟಿದ್ದ 400 ಫ್ರಾಂಕ್ ಅವಳ ಬಟ್ಟೆಗೆ ಹೋಯ್ತು, ಹೊಸ ಸರಕ್ಕೆ 36,000. ಅಂದ್ರೆ ಅವನು ಆಸೆಪಟ್ಟು ಕೂಡಿಟ್ಟಿದ್ದರ 90 ಪಟ್ಟು. ಗಂಡನಿಗೆ ಅವನ ಅಪ್ಪ ಬಿಟ್ಟುಹೋದ 18,000 ಅದಕ್ಕೇ ಹೋಗುತ್ತೆ, ಮಿಕ್ಕ 18,000 ಬಡ್ಡಿ ಸಾಲ, ತೀರಿಸೋಕೆ ಹತ್ತು ವರ್ಷ. ಇವರೇನೂ ಊಟಕ್ಕಿಲ್ಲದ ಬಡವರಾಗಿರಲಿಲ್ಲ, ಮನೆ ಕೆಲಸಕ್ಕೆ ಒಬ್ಬ ಹುಡುಗಿನೂ ಇದ್ಲು. ಅವನು ಶಿಕ್ಷಣ ಇಲಾಖೆಲಿ ಗುಮಾಸ್ತ, ಮೊಪಾಸಾ ಕೂಡ ಅದೇ ಇಲಾಖೆಲಿ ಕೆಲಸ ಮಾಡಿದ್ದವನು, ಈ ಕಥೆ ಪೇಪರಲ್ಲಿ ಬಂದಿದ್ದು 1884ರಲ್ಲಿ, ಅದಕ್ಕೆ ನಾಲ್ಕು ವರ್ಷ ಮುಂಚೆವರೆಗೂ ಅವನು ಅಲ್ಲೇ ಇದ್ದ. ಆ ಸಂಬಳದ ಇಕ್ಕಟ್ಟು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದನ್ನ ಹೇಳಿದ್ರೆ ಮಕ್ಕಳು ಅಂಕಿಗಳನ್ನ ಬೇರೆ ಥರ ನೋಡ್ತಾರೆ.

ಗೈಡುಗಳಲ್ಲಿ ಇರುತ್ತಲ್ಲ, ದುರಾಸೆ ಕೆಟ್ಟದ್ದು, ಹಾಸಿಗೆ ಇದ್ದಷ್ಟು ಕಾಲು ಚಾಚು, ಅದನ್ನ ಮಾತ್ರ ಬರೆಸಬೇಡಿ. ನನಗೆ ಅದು ಮಟಿಲ್ಡಾಗೆ ಮಾಡೋ ಅನ್ಯಾಯ ಅನ್ಸುತ್ತೆ. ನಮ್ಮಲ್ಲೂ ಮದುವೆಗೆ ಹೋಗುವಾಗ ಚಿಕ್ಕಮ್ಮನ ಸರ ಎರವಲು ತರೋದು, ಇಲ್ಲಾಂದ್ರೆ ಒನ್ ಗ್ರಾಂ ಗೋಲ್ಡ್ ಹಾಕ್ಕೊಂಡು ಹೋಗೋದು ಇದ್ದೇ ಇದೆ, ಕ್ಲಾಸಲ್ಲಿ ಕೇಳಿ ನೋಡಿ, ಅರ್ಧ ಜನ ನಮ್ಮನೇಲೂ ಹಂಗೇ ಅಂತಾರೆ. ಬರೀ ಕೊರಳಲ್ಲಿ ನಾಲ್ಕು ಜನರ ಮಧ್ಯೆ ನಿಲ್ಲೋದಕ್ಕೆ ನಾಚಿಕೆ ಆಗೋದನ್ನ ದುರಾಸೆ ಅಂತ ಒಂದೇ ಪದದಲ್ಲಿ ಮುಗಿಸೋಕಾಗಲ್ಲ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ, ಯಾವತ್ತೂ ಮಾತಾಡದವಳು, ಎದ್ದು ಕೇಳಿದ್ಲು, ಮಿಸ್, ಅವಳು ಮಹಡಿ ಮಹಡಿಗೂ ನಿಂತು ಉಸಿರು ತಗೊಂಡು ನೀರು ಹೊತ್ತು, ಪಾತ್ರೆ ತಿಕ್ಕಿ ಹತ್ತು ವರ್ಷ ಸಾಲ ತೀರಿಸಿದ್ಲಲ್ಲ, ಅದನ್ನ ಯಾಕೆ ಯಾವ ಗೈಡಲ್ಲೂ ಬರೆದಿಲ್ಲ ಅಂತ. ನನಗೆ ಗಂಟಲು ಕಟ್ತು. ಅವತ್ತಿಂದ ಪ್ಯಾರಿಸಿನ ಪಾರ್ಟಿಗಿಂತ ಆ ಹತ್ತು ವರ್ಷದ ಪ್ಯಾರಾನೇ ನಾನು ನಿಧಾನವಾಗಿ, ಎರಡು ಸಲ ಓದೋದು.

ಅವಳ ತಪ್ಪು ಯಾವುದು ಅಂತ ಚರ್ಚೆ ಬಂದೇ ಬರುತ್ತೆ. ಸರ ಕಳೆದುಹೋಯ್ತು ಅಂತ ಅವತ್ತೇ ಹೇಳಿಬಿಟ್ಟಿದ್ರೆ 500ಕ್ಕೆ ಮುಗೀತಿತ್ತು ಅಂತ ಕೆಲವರು, ಸರ ಕಳೆದ ಮೇಲೆ ಫಾರೆಸ್ಟಿಯರ್‌ಗೆ ಬರೆದ ಪತ್ರದಲ್ಲಿ ಅದರ ಕೊಂಡಿ ಮುರಿದಿದೆ ಅಂತ ಸುಳ್ಳು ಬರೆಯೋಕೆ ಹೇಳಿದ್ದು ಗಂಡ ತಾನೇ ಅಂತ ಕೆಲವರು, ನಕಲಿ ಅಂತ ಹೇಳದೆ ಕೊಟ್ಟ ಫಾರೆಸ್ಟಿಯರ್‌ದೂ ತಪ್ಪಿದೆ ಅಂತ ಇನ್ನೊಂದಿಷ್ಟು ಜನ. ನೀವು ತೀರ್ಪು ಕೊಡೋಕೆ ಹೋಗ್ಬೇಡಿ, ಪ್ರತಿಯೊಬ್ಬರಿಗೂ ಯಾವ ಸಾಲು ನೋಡಿ ಹಂಗೆ ಹೇಳ್ತಿದೀಯ ಅಂತಷ್ಟೇ ಕೇಳ್ತಾ ಹೋಗಿ, ಪರೀಕ್ಷೆಗೂ ಅದೇ ಉಪಯೋಗಕ್ಕೆ ಬರೋದು.

ಕೊನೇಲಿ ಒಂದು ಬರವಣಿಗೆ ಕೆಲಸ ಕೊಡ್ತೀನಿ. ಫಾರೆಸ್ಟಿಯರ್ ಹತ್ರ ಈಗ 36,000ದ ಅಸಲಿ ಸರ ಇದೆ, ಕಥೆ ಅಲ್ಲಿಗೇ ನಿಲ್ಲುತ್ತೆ, ಮಾರನೇ ದಿನ ಬೆಳಿಗ್ಗೆ ಅವಳು ಏನು ಮಾಡ್ತಾಳೆ, ಒಂದು ಪುಟ ಇಂಗ್ಲಿಷಲ್ಲಿ ಬರೀರಿ. ಗ್ರಾಮರ್ ತಪ್ಪಿಗೆ ಅವತ್ತು ಕೆಂಪು ಇಂಕ್ ಹಾಕಲ್ಲ. ಹೋದ ಸಲ ಒಬ್ಬ ಹುಡುಗ, ಅವಳು ಸರ ತಂದುಕೊಡ್ತಾಳೆ, ಮಟಿಲ್ಡಾ ಅದನ್ನ ಹಾಕ್ಕೊಳ್ಳದೆ ಮಾರಿ ಮೊದಲು ಗಂಡನಿಗೆ ಒಂದು ಬಂದೂಕು ತರ್ತಾಳೆ ಅಂತ ಬರೆದಿದ್ದ.