ಹಳೇ ವೆಬ್ಲಿಯೋ, ಕಾನ್ಪುರದ ಹೊಸದೋ?

ಚನ್ನಗಿರಿ ಕಡೆಯ ತೋಟದ ಮನೆಗೆ ಅಂತ ಲೈಸೆನ್ಸ್ ಸಿಕ್ಕಿದೆ, ದಾವಣಗೆರೆಯ ಹಿರಿಯರೊಬ್ಬರು ಮಾರುತ್ತಿರುವ ಇಂಗ್ಲೆಂಡಿನ ವೆಬ್ಲಿ ಕಂಪನಿಯ ಹಳೇ .32 ಬೋರ್ ರಿವಾಲ್ವರ್ ತಗೊಳ್ಳಲಾ, ಇಲ್ಲ ಅದರ ಮೂರನೇ ಒಂದು ಬೆಲೆಗೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸದು ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಓಟು ಕಾನ್ಪುರಕ್ಕೆ ಸಾರ್.

ಎರಡೂ ಒಂದೇ ಜಾತಿ. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ವೆಬ್ಲಿ ಮಾರ್ಕ್ 4ರ ಮಾದರಿಯದ್ದೇ. ಅದೇ ಆರು ಗುಂಡು, ಅದೇ ನಡುವೆ ಮಡಚಿ ತುಂಬುವ ರೀತಿ. ವೆಬ್ಲಿಯ ಫಿನಿಶಿಂಗ್, ಟ್ರಿಗರಿನ ನಯ ಇದಕ್ಕಿಲ್ಲ, ನಿಜ. ಆದರೆ ನೀವು ಜಾಸ್ತಿ ಕೊಡುವ ದುಡ್ಡು ಆ ನಯಕ್ಕಲ್ಲ. 1980ರ ದಶಕದಲ್ಲೇ ವಿದೇಶಿ ಬಂದೂಕಿನ ಆಮದು ಬಿಗಿಯಾಯಿತು, ಹಳೇ ಮಾಲಿಗೆ ಬೆಲೆ ಏರಿದ್ದು ಅದಕ್ಕೇ.

ವೆಬ್ಲಿ ಮೇಲೇ ಮನಸ್ಸಿದ್ದರೆ, ಗುಂಡಿಲ್ಲ ಅಂತ ಎರಡೆರಡು ಸಲ ನೋಡಿಕೊಂಡು, ಹಿಡಿಯನ್ನು ಒಂದು ಕೈಯಲ್ಲಿ, ನಳಿಗೆಯನ್ನು ಇನ್ನೊಂದರಲ್ಲಿ ಹಿಡಿದು ಅಲ್ಲಾಡಿಸಿ. ಮಡಚುವ ಕೀಲಿನ ಹತ್ತಿರ ಲೊಡಲೊಡ ಅಂದರೆ ಬೇಡವೇ ಬೇಡ. ನಳಿಗೆಯೊಳಗೆ ಟಾರ್ಚ್ ಬಿಡಿ, ತುಕ್ಕು ತಿಂದ ಗುಳಿಗಳಿವೆಯಾ ನೋಡಿ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಜಮಾ ಆಗಿ, ಎಣ್ಣೆ ಕಾಣದೆ ಬಿದ್ದಿದ್ದ ಮಾಲು ಅಲ್ವಾ! ಬಿಡಿಭಾಗ ಮುರಿದರೆ ಸಿಗುವುದೂ ಕಷ್ಟ.

ಅಡ್ವಾನ್ಸ್ ಕೊಡುವ ಮೊದಲು ಅವರ ಲೈಸೆನ್ಸಿನಲ್ಲಿರುವ ನಂಬರಿಗೂ ರಿವಾಲ್ವರ್ ಮೇಲೆ ಕೊರೆದ ನಂಬರಿಗೂ ತಾಳೆ ನೋಡಿ. ಮಾರಾಟದ ವಿಧಾನ ಡಿಸಿ ಆಫೀಸಿನಲ್ಲೇ ಕೇಳಿ, ಬ್ರೋಕರ್ ಮಾತು ಬೇಡ. ನಿಮ್ಮ ಲೈಸೆನ್ಸಿನಲ್ಲಿ ಆಯುಧ ಕೊಳ್ಳಲು ಕೊಟ್ಟ ಗಡುವು ಮುಗಿದಿಲ್ಲ ತಾನೇ?